ನಕ್ಕವರೇ ಕುರ್ಚಿ ಹೊರಬೇಕು

ಊರಿನವರು ಇಷ್ಟೊಂದು ಒಳ್ಳೆಯವರಾಗಿಬಿಡುತ್ತಾರೆ ಎಂದು ಹೆನೊವೇವಾ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಪೋರ್ಟೊ ರಿಕೊದ ಬೆಟ್ಟಸಾಲಿನಲ್ಲಿ ಪಾಲ್ಮಾ ಸೆಕಾ ಎಂದರೆ ಬಾಯಿಗೆ ಬೀಗವಿಲ್ಲದ ಊರು. ಅಲ್ಲಿ ಬೊಕ್ಕತಲೆಯವನನ್ನು ಬಾಚಣಿಗೆ ಎಂದು ಕರೆಯುತ್ತಾರೆ. ಹೆಂಡತಿ ಬಿಟ್ಟುಹೋದವನ ಮನೆ ಮುಂದೆ ನಿಂತು ಇವತ್ತು ಊಟಕ್ಕೇನು ವಿಶೇಷ ಎಂದು ಕೇಳುತ್ತಾರೆ. ಹೆನೊವೇವಾಳ ಗಂಡ ತೀರಿಕೊಂಡು ವರ್ಷ ತುಂಬುವ ಮೊದಲೇ, "ಏನಮ್ಮ ವೇವಾ, ಹೊಸ ಗಂಡಿನ ಹುಡುಕಾಟ ಶುರುವೋ ಇಲ್ವೋ?" ಎಂದು ರೇಗಿಸಿ, ಅಳುತ್ತಿದ್ದವಳನ್ನು ಅಳುವಿನ ನಡುವೆಯೇ ನಗಿಸಿದ್ದ ಜನ ಅವರು.

ಅಂಥವರು, ವೇವಾಳ ಎರಡೂ ಮೂತ್ರಪಿಂಡಗಳು ಕೈಕೊಟ್ಟವು ಎಂದು ಗೊತ್ತಾದ ದಿನದಿಂದ ನಾಲಿಗೆಗೆ ಜೇನು ಸವರಿಕೊಂಡವರಂತೆ ಮಾತಾಡತೊಡಗಿದರು. ಅಂಗಡಿಗೆ ಹೋದರೆ ಕೂತಿದ್ದವರು ಎದ್ದು ನಿಲ್ಲುತ್ತಿದ್ದರು. ರಸ್ತೆಯಲ್ಲಿ ಸಿಕ್ಕಿದವರು ಕೈ ಹಿಡಿದು, ತಲೆ ಓರೆ ಮಾಡಿ, "ಹೇಗಿದ್ದೀಯಮ್ಮಾ?" ಎಂದು ರಾಗ ಎಳೆಯುತ್ತಿದ್ದರು. ಜನ್ಮದಲ್ಲಿ ಒಂದು ಒಳ್ಳೆಯ ಮಾತಾಡದ ಅಂಗಡಿ ಮೊಂಚೋ ಕೂಡ ಒಂದು ದಿನ, "ವೇವಾ, ನೀನು ಚಿನ್ನದಂಥ ಹೆಂಗಸು" ಎಂದುಬಿಟ್ಟ. ಅವತ್ತು ವೇವಾಗೆ ನಿಜಕ್ಕೂ ಹೆದರಿಕೆಯಾಯಿತು. ಡಾಕ್ಟರು ಹೇಳಿದಾಗಲೂ ಅಷ್ಟು ಹೆದರಿಕೆಯಾಗಿರಲಿಲ್ಲ.

ಯಾಕೆಂದರೆ ವೇವಾ ಪದಗಾರ್ತಿ. ನಿಂತ ಕಾಲಲ್ಲಿ ಹತ್ತು ಸಾಲಿನ ಪದ ಕಟ್ಟಿ ಹಾಡುವುದು ಆ ಬೆಟ್ಟದವರ ಹಳೆಯ ಹುಚ್ಚು. ಕೊನೆಯ ಸಾಲನ್ನು ಕೇಳುವವರು ಚೀಟಿಯಲ್ಲಿ ಬರೆದು ಹುಲ್ಲಿನ ಟೋಪಿಯೊಳಗೆ ಹಾಕುತ್ತಾರೆ. ಹಾಡುವವರು ಮೇಲಿನ ಒಂಬತ್ತು ಸಾಲನ್ನು ಅಲ್ಲೇ ಹೊಸೆದುಕೊಂಡು ಬಂದು, ಸರಿಯಾಗಿ ಆ ಸಾಲಿನ ಮೇಲೆ ಕಾಲಿಡಬೇಕು. ಇಷ್ಟು ಎಲ್ಲ ಊರಲ್ಲೂ ಉಂಟು. ಪಾಲ್ಮಾ ಸೆಕಾದವರು ಇದಕ್ಕೆ ತಮ್ಮದೂ ಒಂದು ಕಟ್ಟಳೆ ಸೇರಿಸಿಕೊಂಡಿದ್ದರು: ಎದುರಾಳಿಯ ಪದ ಕೇಳಿ ನಕ್ಕವರು ಸೋತರು. ಇಬ್ಬರೂ ತಮ್ಮ ತಮ್ಮ ಮನೆಯಿಂದ ಕುರ್ಚಿ ತಂದು ಎದುರುಬದುರು ಕೂರಬೇಕು. ಸೋತವರು ಗೆದ್ದವರ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಅವರ ಮನೆ ಬಾಗಿಲಿಗೆ ಮುಟ್ಟಿಸಬೇಕು. ಗೆದ್ದವರು ಅಲ್ಲಿ ಆ ಕುರ್ಚಿಯ ಮೇಲೆ ಠೀವಿಯಿಂದ ಕೂತು, ಹೊತ್ತು ತಂದವರಿಗೆ ಒಂದು ಎಳನೀರು ಕೆತ್ತಿ ಕೊಡಬೇಕು. ಸೋತವರ ಕುರ್ಚಿ ಮಾರನೆಯ ದಿನದವರೆಗೂ ಅಂಗಡಿಯ ಅಂಗಳದಲ್ಲಿ ಕೇಳುವವರಿಲ್ಲದೆ ಬಿದ್ದಿರುತ್ತದೆ.

ಮೂವತ್ತು ವರ್ಷದಿಂದ ಪ್ರತಿ ಜನವರಿಯಲ್ಲಿ, ಕ್ರಿಸ್ಮಸ್ಸಿನ ಬೆನ್ನಿಗೇ ಬರುವ ಮೂರು ರಾಜರ ಹಬ್ಬದ ಮಧ್ಯಾಹ್ನ, ವೇವಾಳ ಎದುರಿಗೆ ಕೂರುತ್ತಿದ್ದವನು ತಿಬೂರ್ಸಿಯೊ. ಊರಿಗೆಲ್ಲ ದೋನ್ ತಿಬೂ, ಅವಳಿಗೆ ಬರೀ ತಿಬೂ. ಹಳ್ಳದಾಚೆಯ ದಿಬ್ಬದ ಮೇಲೆ ಕಾಫಿ ಗಿಡಗಳ ನಡುವೆ ಒಂಟಿ ಮನೆ, ಮೊರದಗಲ ಕಿವಿ, ಕೊಂಕುನುಡಿಯಲ್ಲಿ ಅವನನ್ನು ಮೀರಿಸಿದವರು ಬೆಟ್ಟದಲ್ಲೇ ಇಲ್ಲ, ವೇವಾಳನ್ನು ಬಿಟ್ಟರೆ. ತಿಬೂ ನಗುವಾಗ ಸದ್ದೇ ಬರುವುದಿಲ್ಲ. ಮೊದಲು ಹೊಟ್ಟೆ ಅಲ್ಲಾಡುತ್ತದೆ, ಆಮೇಲೆ ಹೆಗಲು, ಕೊನೆಗೆ ಕಣ್ಣಲ್ಲಿ ನೀರು. ಅವನ ಹೊಟ್ಟೆ ಅಲ್ಲಾಡಿತೆಂದರೆ ವೇವಾ ಗೆದ್ದಳು. ಪ್ರಪಂಚದಲ್ಲಿ ಅವಳಿಗೆ ಅದಕ್ಕಿಂತ ಚೆಂದದ ನೋಟ ಇನ್ನೊಂದಿರಲಿಲ್ಲ. ಒಂದು ವರ್ಷ ಅವನು ಅವಳ ಕುರ್ಚಿ ಹೊರುತ್ತಿದ್ದ, ಒಂದು ವರ್ಷ ಅವಳು ಅವನದನ್ನು. ಲೆಕ್ಕ ಇಟ್ಟವರಿಲ್ಲ.

ಈಗ ವಾರಕ್ಕೆ ಮೂರು ದಿನ ಬೆಳಿಗ್ಗೆ ವ್ಯಾನು ಬಂದು ಅವಳನ್ನು ಕೆಳಗಿನ ಪಟ್ಟಣಕ್ಕೆ ಕರೆದೊಯ್ಯುತ್ತಿತ್ತು. ಅಲ್ಲಿ ಅವಳ ರಕ್ತವನ್ನು ಯಂತ್ರ ತೊಳೆದು ಕೊಡುತ್ತಿತ್ತು. ಅದಕ್ಕೆಂದೇ ಡಾಕ್ಟರು ಅವಳ ಎಡಗೈಯ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಹೊಲಿದ ಜಾಗದಲ್ಲಿ ರಕ್ತ ರಭಸದಿಂದ ನುಗ್ಗಿ, ಚರ್ಮದ ಕೆಳಗೆ ಝುಂಯ್ ಝುಂಯ್ ಎಂದು ಸದ್ದು. ದಿನಾ ಬೆಳಿಗ್ಗೆ ಕಿವಿಗಿಟ್ಟು ಕೇಳಬೇಕು, ಸದ್ದು ನಿಂತರೆ ತಕ್ಷಣ ಬರಬೇಕು ಎಂದಿದ್ದರು. ವೇವಾ ಅದಕ್ಕೆ ಕಪ್ಪೆ ಎಂದು ಹೆಸರಿಟ್ಟಳು. ಹೆಬ್ಬೆರಳಿನ ಉಗುರಿನಷ್ಟೇ ಇದ್ದುಕೊಂಡು, ಸಂಜೆಯಾದರೆ ಬೆಟ್ಟವನ್ನೆಲ್ಲ "ಕೋಕೀ, ಕೋಕೀ" ಎಂದು ಎಬ್ಬಿಸುವ ಆ ಕಪ್ಪೆಗಳ ಪೈಕಿ ಒಂದು ದಾರಿ ತಪ್ಪಿ ತನ್ನ ಕೈಯೊಳಗೆ ಸೇರಿಕೊಂಡಿದೆ ಎಂದು ಅವಳ ವಾದ.

ಯಂತ್ರದ ಪಕ್ಕದ ಆರಾಮಕುರ್ಚಿಯಲ್ಲಿ ಒರಗಿದರೆ ಅರೆನಿದ್ದೆ ಬರುತ್ತಿತ್ತು. ಆಗ ತನ್ನ ರಕ್ತ ಕೊಳವೆಯಲ್ಲಿ ಹೊರಟು, ಕಿಟಕಿ ದಾಟಿ, ಬೆಟ್ಟದ ರಸ್ತೆ ಹತ್ತಿ, ಊರಿನ ಹಳ್ಳವಾಗಿ ಹರಿಯುವುದು ಅವಳಿಗೆ ಕಾಣುತ್ತಿತ್ತು. ಸೀಬೆ ಮರಗಳು ಬಗ್ಗಿ ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದವು. ಯಾರದೋ ಮನೆಯ ಹಸು ಬಂದು ನೀರಿಗೆ ಮೂತಿಯಿಡುತ್ತಿತ್ತು. ಅವಳ ಎದೆಯಲ್ಲಿ ಕಚಗುಳಿಯಾಗುತ್ತಿತ್ತು. ಸತ್ತ ಗಂಡ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು, "ಇವತ್ತು ಬೆಚ್ಚಗಿದ್ದೀಯ ಕಣೇ ವೇವಾ" ಎನ್ನುತ್ತಿದ್ದ. "ಕಾಲು ತೊಳ್ಕೊಂಡು ಇಳಿ ಮಾರಾಯ, ಇದು ಶುದ್ಧ ಮಾಡಿದ ನೀರು" ಎಂದು ಅವಳು ಗದರುತ್ತಿದ್ದಳು. ಹೀಗೆ ಹರಿದು ಹರಿದು ಹಳ್ಳ ಇಡೀ ಬೆಟ್ಟವನ್ನು ಒಂದು ಸುತ್ತು ಹಾಕಿ, ಸಂಜೆಯ ತಂಪು ಹೊತ್ತು ಮತ್ತೆ ಅವಳ ಕೈಯೊಳಗೆ ಬಂದು ಸೇರುತ್ತಿತ್ತು. ಪದಗಳೂ ಆ ಹಳ್ಳದಲ್ಲೇ ಸಿಗುತ್ತಿದ್ದವು, ಕಲ್ಲೆತ್ತಿದರೆ ಸಿಗಡಿ ಸಿಗುವ ಹಾಗೆ. ಕಣ್ಣು ಬಿಟ್ಟವಳೇ ಪಕ್ಕದ ಕುರ್ಚಿಯ ರೋಗಿಗಳಿಗೆ ಹಾಡಿ ತೋರಿಸುತ್ತಿದ್ದಳು:

ಬಾಳೆಹಣ್ಣು ಮುಟ್ಟಬೇಡ, ಎಳನೀರು ನೋಡಬೇಡ,
ಗೆಡ್ಡೆ ಗೆಣಸಿನ ಮನೆಯ ಕಡೆ ತಲೆ ಹಾಕಿ ಮಲಗಬೇಡ.
ಕಿತ್ತಳೆ ಮರದ ಕೆಳಗೆ ಹೋದರೆ ಕಣ್ಣು ಮುಚ್ಚಿ ಸಾಗು,
ಹಣ್ಣು ತಾನೇ ಬಾಯಿಗೆ ಬಿದ್ದರೆ "ನಾನಲ್ಲ" ಎಂದು ಕೂಗು.

ಹಾಗೆ ನೋಡಿದರೆ ಅದೇನೂ ಸುಳ್ಳಲ್ಲ. ಬಾಳೆಕಾಯಿಯ ಮೇಲೇ ಬದುಕುವ ಬೆಟ್ಟದಲ್ಲಿ ಹುಟ್ಟಿ, ಬಾಳೆ ತಿನ್ನಬಾರದು, ತೊಗರಿಕಾಳಿನ ಅನ್ನ ಹಿಡಿಯಷ್ಟೇ ತಿನ್ನಬೇಕು, ನೀರು ಕೂಡ ಅಳೆದು ಕುಡಿಯಬೇಕು ಎಂದು ಡಾಕ್ಟರು ಕಟ್ಟುಮಾಡಿದರೆ ಮನುಷ್ಯ ನಗದೆ ಇನ್ನೇನು ಮಾಡಬೇಕು? ಪಟ್ಟಣದ ಆ ರೋಗಿಗಳು ಕೊಳವೆ ಅಲ್ಲಾಡುವಷ್ಟು ನಗುತ್ತಿದ್ದರು. ಊರಿನಲ್ಲಿ ಇದೇ ಪದ ಹಾಡಿದರೆ ಹೆಂಗಸರು ಕಣ್ಣೊರೆಸಿಕೊಳ್ಳುವವರ ಹಾಗೆ ಮುಖ ಮಾಡುತ್ತಿದ್ದರು. ಇನ್ನು ನಗುವವನೊಬ್ಬ ಉಳಿದಿದ್ದರೆ ತಿಬೂ. ಅವನಾದರೂ ತನ್ನನ್ನು ಬಿಡಲಾರ ಎಂದು ವೇವಾ ನಂಬಿಕೊಂಡಿದ್ದಳು. ಹಬ್ಬ ಬರಲಿ, ಅವನು ಎದುರಿಗೆ ಕೂತು ನಾಲ್ಕು ಉಗಿಯಲಿ, ಆಗ ತಾನಿನ್ನೂ ಇದ್ದೇನೆ ಎಂದು ತನಗೂ ಖಾತ್ರಿ, ಊರಿಗೂ ಖಾತ್ರಿ.

ಹಬ್ಬ ಬಂತು. ಮೊಂಚೋನ ಅಂಗಡಿಯ ಅಂಗಳದಲ್ಲಿ ಹಂದಿ ಕೆಂಡದ ಮೇಲೆ ತಿರುಗುತ್ತಿತ್ತು, ಗಿಟಾರಿನ ತಮ್ಮನಂಥ ಕ್ವಾತ್ರೋ ವಾದ್ಯವನ್ನು ಯಾರೋ ಶ್ರುತಿ ಮಾಡುತ್ತಿದ್ದರು. ವೇವಾಳ ಮಗಳು ಮಿಗ್ದಾಲಿಯಾ ಅಮ್ಮನ ಕುರ್ಚಿ ತಂದಿಟ್ಟು, ಮೇಲೊಂದು ದಿಂಬೂ ಇಟ್ಟಳು. ವೇವಾ ದಿಂಬನ್ನು ಎತ್ತಿ ಅವಳ ಕೈಗೇ ಕೊಟ್ಟಳು. ಎದುರಿಗೆ ತಿಬೂ ತನ್ನ ಸೀಡರ್ ಮರದ ಭಾರದ ಕುರ್ಚಿಯಲ್ಲಿ ಕೂತಿದ್ದ. ಯಾಕೋ ಅವಳ ಕಣ್ಣು ತಪ್ಪಿಸುತ್ತಿದ್ದ.

ಮೊಂಚೋ ಟೋಪಿಗೆ ಕೈ ಹಾಕಿ ಮೊದಲ ಚೀಟಿ ತೆಗೆದ. ಹಿಂದಿನ ವರ್ಷಗಳ ಚೀಟಿಗಳೆಂದರೆ, "ನನ್ನ ಅತ್ತೆಗೆ ಮೀಸೆ ಬಂತು" ಎಂದೋ, "ಹಂದಿಗೆ ನನ್ನ ಮೇಲೆ ಸಿಟ್ಟು" ಎಂದೋ ಇರುತ್ತಿದ್ದವು. ಈ ಸಲ ಮೊಂಚೋ ಗಂಟಲು ಸರಿಮಾಡಿಕೊಂಡು ಓದಿದ: "ನಿನ್ನ ನಗುವೇ ನಮ್ಮ ಬೆಳಕು." ಎರಡನೆಯದು: "ಬೆಟ್ಟದ ಹೂವೇ, ನೂರು ಕಾಲ ಬಾಳು." ಮೂರನೆಯದು: "ದೇವರು ನಿನ್ನ ಕೈಯ ಬಿಡನು."

"ಏನ್ರೋ ಇದು, ಟೋಪಿನೋ, ಪಾದ್ರಿಯ ಇಗರ್ಜಿನೋ?" ಎಂದಳು ವೇವಾ. ಒಬ್ಬರೂ ನಗಲಿಲ್ಲ. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು.

ಅವಳು ಹೇಗೋ ಹೆಣಗಿ ಆ ಸಕ್ಕರೆಯ ಸಾಲುಗಳಿಗೆ ಸ್ವಲ್ಪ ಮೆಣಸು ಅರೆದಳು. ತಿಬೂ ಹಾಡಿದ್ದೆಲ್ಲ ಸಪ್ಪೆ. ಕೊನೆಗೆ ವೇವಾ ಒಂದು ಗಾಳ ಹಾಕಿ ನೋಡಿದಳು. ತನ್ನನ್ನು ತಾನೇ ತಟ್ಟೆಯ ಮೇಲೆ ಬಡಿಸಿಟ್ಟಳು:

ಕುಂಬಳದಂತೆ ಊದಿದೆ ಕಾಲು, ಬಾತಿನಂತೆ ನಡಿಗೆ,
ಒಂದು ಪಾದ ಇಗರ್ಜಿಗೆ ಹೊರಟರೆ ಇನ್ನೊಂದು ಅಂಗಡಿಗೆ.

ಬೇರೆ ವರ್ಷವಾಗಿದ್ದರೆ ತಿಬೂ ಇದರ ಮೇಲೆ ಹದ್ದಿನ ಹಾಗೆ ಎರಗುತ್ತಿದ್ದ. ಆ ಬಾತುಕೋಳಿಗೆ ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಮರಿಗಳಿಗೆಲ್ಲ ವೇವಾಳ ಮುಖ ಅಂಟಿಸುತ್ತಿದ್ದ. ಈಗ ಅವನು ನೆಲ ನೋಡುತ್ತಾ ಹಾಡಿದ:

ಹೂವಿನ ಮೇಲೆ ನಡೆವ ನಿನಗೆ ಕಾಲ ನೋವು ಸುಡದು,
ಬೆಟ್ಟದ ದೀಪ ನೀನು ವೇವಾ, ದೇವರು ನಿನ್ನ ಕೈಯ ಬಿಡನು.

ಪ್ರಾಸವೂ ಸರಿಯಿಲ್ಲ! ವೇವಾಗೆ ಕೆನ್ನೆಗೆ ಹೊಡೆದಂತಾಯಿತು. ಮುಂದಿನ ಸುತ್ತಿನಲ್ಲಿ ಅವಳು ಮನಸ್ಸಿಲ್ಲದೆ ಏನೋ ಒಂದು ಹಾಡಿದಳು, ಅವಳಿಗೇ ನಾಚಿಕೆಯಾಗುವಂಥದ್ದು. ಅದಕ್ಕೆ ತಿಬೂ ತಲೆ ಹಿಂದಕ್ಕೆಸೆದು, "ಹ್ಹ ಹ್ಹ ಹ್ಹಾ!" ಎಂದು ಅಂಗಳ ನಡುಗುವಂತೆ ನಕ್ಕ.

"ದೋನ್ ತಿಬೂ ನಕ್ಕ! ವೇವಾ ಗೆದ್ಲು!" ಎಂದು ಊರೆಲ್ಲ ಚಪ್ಪಾಳೆ ತಟ್ಟಿತು. ಮಿಗ್ದಾಲಿಯಾ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ವೇವಾ ಮಾತ್ರ ತಿಬೂನ ಹೊಟ್ಟೆಯನ್ನೇ ನೋಡುತ್ತಿದ್ದಳು. ಅದು ಒಂದಿಷ್ಟೂ ಅಲ್ಲಾಡಿರಲಿಲ್ಲ.

ತಿಬೂ ಅವಳ ಕುರ್ಚಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿಜಾರಿನಲ್ಲಿ ಹೊರಟ. ಹಿಂದೆ ವೇವಾ. ಹಿಂದಿನಿಂದ ಬರಲಿದ್ದ ಮಗಳನ್ನು ಅವಳು ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸಿದಳು. ಸಂಜೆಯ ಬಿಸಿಲು ಬಿದಿರಿನ ನಡುವೆ ಸೋಸಿಕೊಂಡು ರಸ್ತೆಯ ಮೇಲೆ ಬಿದ್ದಿತ್ತು. ಇಬ್ಬರೂ ಹಳ್ಳದ ಸೇತುವೆಯ ಹತ್ತಿರ ಬಂದರು.

"ಇಳಿಸು ಕುರ್ಚಿ" ಎಂದಳು ವೇವಾ.

"ಯಾಕೆ, ಸುಸ್ತಾಯ್ತಾ? ಸ್ವಲ್ಪ ಕೂತ್ಕೋತೀಯಾ?"

"ಇಳಿಸು ಅಂದೆ."

ಅವನು ಇಳಿಸಿದ. ಅವಳು ಕೂತಳು. ಕಾಲ ಕೆಳಗೆ ಹಳ್ಳ ತನ್ನ ಪಾಡಿಗೆ ಹರಿಯುತ್ತಿತ್ತು.

"ನಿನ್ನ ನಗೂಗೆ ಯಾವಾಗಿಂದ ಸದ್ದು ಬಂತು ತಿಬೂ?"

"ವಯಸ್ಸಾಯ್ತಲ್ಲ. ಈಗ ಎಲ್ಲಾ ಕಡೆಯಿಂದಾನೂ ಸದ್ದು ಬರುತ್ತೆ."

"ನನ್ನ ಹತ್ರ ಬೇಡ ಈ ಆಟ. ಮೂವತ್ತು ವರ್ಷದಿಂದ ನಿನ್ನ ಹೊಟ್ಟೆ ನೋಡ್ಕೊಂಡು ಬಂದೋಳು ನಾನು. ನಿನ್ನ ಹೆಂಡ್ತೀನೂ ಅಷ್ಟು ನೋಡಿರ್ಲಿಲ್ಲ. ಇವತ್ತು ಅದು ಸತ್ತ ಹಾಗೆ ಬಿದ್ದಿತ್ತು. ಯಾಕೆ ಸೋತೆ? ಹೇಳು!"

ತಿಬೂ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಮಿಗ್ದಾಲಿಯಾ ಬಂದಿದ್ಲು ಮನೆಗೆ" ಎಂದ. "ಅಡಿಗೆಮನೆ ಬಾಗ್ಲಲ್ಲಿ ನಿಂತ್ಕೊಂಡು ಅತ್ಲು. ಅಮ್ಮ ಸೋತ್ರೆ ಹಠ ಮಾಡಿ ನಿಮ್ಮ ಆ ಭಾರದ ಕುರ್ಚಿ ಹೊತ್ತೇ ಹೊರ್ತಾಳೆ, ದಾರೀಲಿ ಬಿದ್ಲು ಅಂದ್ರೆ ಏನು ಗತಿ, ಈ ಹಬ್ಬ ಒಂದು ಗೆದ್ದು ಸಂತೋಷವಾಗಿರ್ಲಿ ಅಂದ್ಲು. ಊರೋರಿಗೂ ಹೇಳಿದ್ದಾಳೆ. ನಾನೇನು ಮಾಡ್ಲಿ ವೇವಾ? ಮಗು ಅಳ್ತಾ ಇತ್ತು."

ವೇವಾಗೆ ಮಗಳ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಹಿಂದೆಯೇ ಅಯ್ಯೋ ಪಾಪ ಎಂದೂ ಅನ್ನಿಸಿತು.

"ಊರಿನ ಬೆಕ್ಕಿಗೂ ಬೈತೀರ, ನಾಯಿಗೂ ಬೈತೀರ. ಪಾದ್ರಿಯ ಗೊರಕೆ ಮೇಲೆ ಪದ ಕಟ್ಟಿದ್ದೀಯ ನೀನು. ನನಗೆ ಮಾತ್ರ ಬೆಟ್ಟದ ಹೂವು, ಬೆಟ್ಟದ ದೀಪ! ಹೀಗೆಲ್ಲ ಮಾತಾಡೋದು ಯಾರ ಬಗ್ಗೆ ಹೇಳು? ಹೆಣ ಮುಂದಿಟ್ಕೊಂಡು ಕೂತಾಗ ಅಲ್ವಾ? ನಾನು ಸತ್ತಿಲ್ಲ ತಿಬೂ. ಇನ್ನೂ ಇದ್ದೀನಿ. ಇಲ್ಲೇ ಇದ್ದೀನಿ."

ಅವಳು ಅತ್ತಳು. ತಿಬೂ ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತ. ಆ ದೊಡ್ಡ ಕಿವಿಗಳು ಕೆಂಪಾಗಿದ್ದವು.

"ಮಿಗ್ದಾಲಿಯಾ ಮಾತು ಒಂದು ನೆಪ ಕಣೇ" ಎಂದ ಅವನು. "ನಂಗೇ ಭಯ. ನೀನು ಹೋಗ್ಬಿಟ್ರೆ ನಾನು ಯಾರಿಗೆ ಬೈಲಿ? ಅದು ತಲೇಲಿ ಕೂತ್ಮೇಲೆ ನಾಲಿಗೇನೇ ಏಳ್ಲಿಲ್ಲ."

"ಹೋದ್ಮೇಲೆ ಬೈದ್ರೆ ನಂಗೆ ಕೇಳ್ಸುತ್ತೇನೋ ಮುದುಕ? ಈಗ ಬೈ!"

"ಈಗಲೇ?"

"ಈಗಲೇ. ಇಲ್ಲೇ. ಮೊದಲಿಂದ ಆಟ. ನಕ್ಕೋರು ಸೋತ್ರು. ಸಾಲು ನೀನು ನಂಗೆ ಕೊಡು, ನಾನು ನಿಂಗೆ ಕೊಡ್ತೀನಿ."

ಅಷ್ಟು ಹೊತ್ತಿಗೆ ಬಿಸಿಲು ಬಿದಿರಿನ ತುದಿಗೇರಿತ್ತು. ಹಳ್ಳದ ಎರಡೂ ದಡದಲ್ಲಿ ಕಪ್ಪೆಗಳು ಒಂದೊಂದಾಗಿ ಗಂಟಲು ಬಿಚ್ಚತೊಡಗಿದವು. ಬೇರೆ ಹಿಮ್ಮೇಳ ಬೇಕಾಗಲಿಲ್ಲ. ತಿಬೂ ಕೊಟ್ಟ ಸಾಲು: "ನನ್ನ ಕಿವಿಯೇ ನನ್ನ ಆಸ್ತಿ." ವೇವಾ ಕಣ್ಣೊರೆಸಿಕೊಂಡು ಶುರುಮಾಡಿದಳು. ಚಂಡಮಾರುತ ಬಂದ ವರ್ಷ ಎಲ್ಲರ ತಗಡಿನ ಸೂರು ಹಾರಿದರೆ ತಿಬೂನ ಕಿವಿಗೆ ಗಾಳಿ ತುಂಬಿ ತಿಬೂನೇ ಹಾರಿಹೋದ. ಎರಡು ಬೆಟ್ಟದಾಚೆ ಯಾರದೋ ಕೋಳಿಗೂಡಿನ ಮೇಲೆ ಇಳಿದ. ಅಲ್ಲಿನವರು ಇದು ಯಾವ ಜಾತಿಯ ಹಕ್ಕಿ ಎಂದು ಕಾಳು ಹಾಕಿದರು. ಸೂರು ಕಳಕೊಂಡವರಿಗೆಲ್ಲ ಸರ್ಕಾರ ಟಾರ್ಪಾಲು ಕೊಟ್ಟಿತು, ಇವನಿಗೆ ಬೇಡವಾಯಿತು, "ನನ್ನ ಕಿವಿಯೇ ನನ್ನ ಆಸ್ತಿ."

ತಿಬೂನ ಹೊಟ್ಟೆ ಒಮ್ಮೆ ಅದುರಿತು. ಅವನು ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡು, ಹಲ್ಲು ಕಚ್ಚಿ, ಹಳ್ಳದ ಕಡೆ ನೋಡಿ ಹೇಗೋ ಬಚಾವಾದ. ವೇವಾಗೆ ಮೈಯಲ್ಲಿ ಜೀವ ಬಂದ ಹಾಗಾಯಿತು.

"ಈಗ ನಿನ್ನ ಸರದಿ. ನಿನ್ನ ಸಾಲು: ಕುರ್ಚಿ ಹೊತ್ತುಕೊಂಡು ನಡಿ." ಗೆಲ್ಲುವುದು ತಾನೇ ಎಂಬ ಧೈರ್ಯದಲ್ಲೇ ಅವಳು ಆ ಸಾಲು ಕೊಟ್ಟಿದ್ದು. "ಅದಕ್ಕೆ ಮುಂಚೆ ಇದನ್ನ ಕೇಳು. ಕೇಳ್ದೆ ಬೈದ್ರೆ ಅದು ಬರೀ ಗಾಳಿಮಾತು."

ಅವಳು ಎಡಗೈ ಚಾಚಿದಳು. ತಿಬೂ ಹಿಂಜರಿದ. ಒಂದು ವರ್ಷದಿಂದ ಆ ಕೈಯ ಕಡೆ ಅವನು ನೋಡಿಯೂ ಇರಲಿಲ್ಲ. ಆಮೇಲೆ ಬಗ್ಗಿ, ಆ ಮೊರದಗಲದ ಕಿವಿಯನ್ನು ಅವಳ ಗಾಯದ ಗುರುತಿನ ಮೇಲಿಟ್ಟ. ಝುಂಯ್, ಝುಂಯ್, ಝುಂಯ್. ಹೊರಗೆ ಕಪ್ಪೆಗಳು, ಒಳಗೆ ಕಪ್ಪೆ, ಕೆಳಗೆ ಹಳ್ಳ. ಯಾವುದು ಎಲ್ಲಿಂದ ಬರುತ್ತಿದೆ ಎಂದು ಅವನಿಗೆ ತಿಳಿಯದೆ ಹೋಯಿತು. ಅವಳಿಗೂ ಒಂದು ಗಳಿಗೆ, ಅರೆನಿದ್ದೆಯ ಆ ಹಳ್ಳ ಇದೇ, ಬಂಡೆಯ ಮೇಲೆ ಗಂಡ ಕೂತು ಇಬ್ಬರನ್ನೂ ನೋಡುತ್ತಿದ್ದಾನೆ ಅನ್ನಿಸಿತು. ಅವನು ತಲೆ ಎತ್ತುವಾಗ ಅವನ ಮುಖ ಬೇರೆಯಾಗಿತ್ತು. ಕಣ್ಣ ತುದಿಯಲ್ಲಿ ಹಳೆಯ ಕಿಡಿಗೇಡಿತನ ಬಂದು ಕೂತಿತ್ತು.

ಎದ್ದು ನಿಂತು, ಸೊಂಟಕ್ಕೆ ಕೈ ಕೊಟ್ಟು ಹಾಡಿದ:

ವೇವಾ, ನಿನ್ನ ಮೂತ್ರಪಿಂಡದ ತಪ್ಪೇನಿಲ್ಲ ತಾಯಿ,
ಮೂವತ್ತು ವರ್ಷ ಒಳಗೆ ಕೂತು ಕೇಳಿದವು ನಿನ್ನ ಬಾಯಿ.
ಎಡದ್ದು ಬಲದ್ದಕ್ಕೆ ಹೇಳಿತು, "ಸಾಕು ಕಣೋ ಈ ಪಾಡು,
ಹಗಲು ಸಾಲದೆಂದು ಇವಳಿಗೆ ನಿದ್ದೆಯಲ್ಲೂ ಹಾಡು!
ಹೊರಗೆ ಕೂತವರಿಗಾದರೆ ಎದ್ದು ಹೋಗಲು ಉಂಟು ದಾರಿ,
ಒಳಗೆ ಕೂತ ನಮಗೆಲ್ಲಿದೆ ಕುದುರೆ, ಬಸ್ಸು, ಲಾರಿ?"
ಎರಡೂ ಕೂಡಿ ಅಂಗಡಿ ಮುಚ್ಚಿ ಎಳೆದುಬಿಟ್ಟವು ಪರದೆ,
ಕಿವಿಯೇ ಇಲ್ಲದ ಯಂತ್ರ ಬಂತು, ದುಡಿಯುತಿದೆ ಎದುರಾಡದೆ.
ಕೈಯ ಕಪ್ಪೆಯೂ ಗೊಣಗುತಿದೆ, "ಅಜ್ಜಿ, ಬಾಯಿಗೆ ಬೀಗ ಜಡಿ,
ಸೋತೆ ಅಂತ ಒಪ್ಪಿಕೊಂಡು ಕುರ್ಚಿ ಹೊತ್ತುಕೊಂಡು ನಡಿ."

ವೇವಾ ತುಟಿ ಕಚ್ಚಿದಳು. ಮೂಗು ಹಿಡಿದುಕೊಂಡಳು. "ಬಸ್ಸು, ಲಾರಿ" ಎಂಬಲ್ಲೇ ಅರ್ಧ ಹೋಗಿದ್ದಳು, ಗೊಣಗುವ ಕಪ್ಪೆಯ ಹತ್ತಿರ ಪೂರ್ತಿ ಹೋದಳು. ಮೊದಲು ಮೂಗಿನಿಂದ ಒಂದು ಸದ್ದು ಹೊರಬಿತ್ತು, ಆಮೇಲೆ ತಡೆಯೇ ಇಲ್ಲ. ಕುರ್ಚಿಯ ಮೇಲೆ ಹಿಂದೆ ಮುಂದೆ ತೂಗಾಡುತ್ತಾ, ಪಕ್ಕೆ ಹಿಡಿದುಕೊಂಡು, "ಅಯ್ಯೋ ದೇವ್ರೇ, ಅಂಗಡಿ ಮುಚ್ಚಿದವಂತೆ, ಪರದೆ ಎಳೆದವಂತೆ!" ಎಂದು ನಕ್ಕಳು. ವರ್ಷದಿಂದ ಒಳಗೆ ಕಟ್ಟಿಕೊಂಡಿದ್ದ ನಗು ಅದು. ಅವಳು ನಗುವುದನ್ನು ನೋಡಿ ತಿಬೂನ ಹೊಟ್ಟೆಯೂ ಅಲ್ಲಾಡತೊಡಗಿತು, ಆಮೇಲೆ ಹೆಗಲು, ಆಮೇಲೆ ಕಣ್ಣಲ್ಲಿ ನೀರು. ಆದರೆ ಮೊದಲು ನಕ್ಕವಳು ಅವಳು. ಅದರಲ್ಲಿ ಎರಡು ಮಾತಿಲ್ಲ.

ನಗು ನಿಂತ ಮೇಲೆ ವೇವಾ ಎದ್ದಳು. ತ‌ನ್ನ ಕುರ್ಚಿಯನ್ನು ಅಲ್ಲೇ ಸೇತುವೆಯ ಪಕ್ಕಕ್ಕೆ ಸರಿಸಿಟ್ಟು, ಬಂದ ದಾರಿಯಲ್ಲೇ ಮೇಲಕ್ಕೆ ಹೊರಟಳು.

"ಎಲ್ಲಿಗೆ?" ಎಂದ ತಿಬೂ.

"ನಿನ್ನ ಕುರ್ಚಿ ಅಂಗಡೀಲಿದೆಯಲ್ಲ. ಅದು ತಾನಾಗೇ ನಡ್ಕೊಂಡು ಬರುತ್ತಾ?"

"ವೇವಾ, ಬೇಡ. ಯಾರೂ ನೋಡಿಲ್ಲ. ನಮ್ಮಿಬ್ಬರಲ್ಲೇ ಇರ್ಲಿ."

ಅವಳು ತಿರುಗಿ ಒಂದು ನೋಟ ನೋಡಿದಳು. ತಿಬೂ ಹಿಂದೆ ನಡೆದ.

ಅಂಗಳದಲ್ಲಿ ಜನ ಇನ್ನೂ ಹಾಗೇ ಇದ್ದರು. ವೇವಾ ನೇರ ಹೋಗಿ ತಿಬೂನ ಕುರ್ಚಿಯ ಮೇಲೆ ಕೈಯಿಟ್ಟು, "ಆಟ ಸೇತುವೆ ಹತ್ರ ಮುಗೀತು. ನಾನು ನಕ್ಕೆ. ಸೋತೆ" ಎಂದಳು. ವಾದ್ಯ ನಿಂತಿತು. ಮಿಗ್ದಾಲಿಯಾ ಓಡಿ ಬಂದು ಕುರ್ಚಿಯ ಇನ್ನೊಂದು ತುದಿ ಹಿಡಿದಳು.

"ಅಮ್ಮಾ, ಬೇಡಮ್ಮಾ, ನಿನ್ನ ಕೈ! ದಮ್ಮಯ್ಯ ಅಂತೀನಿ, ಬಿಡು."

"ಕೈಯಲ್ಲಿ ಹೊರಲ್ಲ ಕಣೇ, ತಲೇಲಿ ಹೊರ್ತೀನಿ. ತಲೆ ಕೆಟ್ಟಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ." ಆಮೇಲೆ ದನಿ ತಗ್ಗಿಸಿ, ಮಗಳ ಕೆನ್ನೆ ಸವರಿ, "ಸುಳ್ಳು ಗೆಲುವಲ್ಲಿ ನಂಗೆ ಸಂತೋಷ ಇಲ್ಲಮ್ಮ. ಬಿಡು" ಎಂದಳು.

ಮಿಗ್ದಾಲಿಯಾ ಅಮ್ಮನ ಮುಖ ನೋಡಿದಳು. ಅತ್ತ ಕಣ್ಣು, ನಕ್ಕ ಬಾಯಿ. ವರ್ಷದಿಂದ ಕಾಣದಿದ್ದ ಮುಖ. ಅವಳ ಬೆರಳು ಸಡಿಲವಾಯಿತು. ತನ್ನ ಕುತ್ತಿಗೆಯ ಬಟ್ಟೆ ಬಿಚ್ಚಿ ಸಿಂಬೆ ಸುತ್ತಿ, ಅಮ್ಮನ ತಲೆಯ ಮೇಲೆ ಅವಳೇ ಇಟ್ಟಳು.

ವೇವಾ ಹೊತ್ತಳು. ಬಲಗೈ ಕುರ್ಚಿಯ ಕಾಲಿಗೆ, ಎಡಗೈ ಕಪ್ಪೆಯ ಸಮೇತ ಸಡಿಲವಾಗಿ ಪಕ್ಕಕ್ಕೆ. ಕುತ್ತಿಗೆ ನೋಯಿತು. ಅಂಗಳವೆಲ್ಲ ನೋಡುತ್ತಿತ್ತು. ಅವಳು ಒಂದು ಹೆಜ್ಜೆ ಹೀಗೆ, ಒಂದು ಹೆಜ್ಜೆ ಹಾಗೆ ಇಟ್ಟು ಅಂಗಳ ದಾಟುವಾಗ, ಮೊಂಚೋಗೆ ಇನ್ನು ತಡೆಯಲಾಗಲಿಲ್ಲ. "ನೋಡ್ರಪ್ಪೋ!" ಎಂದು ಕೂಗಿಬಿಟ್ಟ. "ಬಾತುಕೋಳಿ ತಲೆ ಮೇಲೆ ಸಿಂಹಾಸನ!"

ಒಂದು ಕ್ಷಣ ಎಲ್ಲರೂ ಹೆದರಿ ವೇವಾಳನ್ನು ನೋಡಿದರು.

"ನಿನ್ನ ಹೊಟ್ಟೆ ಮೇಲೆ ಇಡೋಣ ಅಂದ್ಕೊಂಡೆ ಮೊಂಚೋ, ಜಾರುತ್ತೆ ಅಂತ ಬಿಟ್ಟೆ" ಎಂದಳು ಅವಳು, ತಲೆ ಅಲ್ಲಾಡಿಸದೆ.

ಆಗ ಊರು ಕಟ್ಟೆಯೊಡೆದಂತೆ ನಕ್ಕಿತು. ಯಾರೋ ಬಾತುಕೋಳಿಯ ಹಾಗೆ ಕೂಗಿದರು, ಯಾರೋ ದಾರಿ ಬಿಡಿ ಮಹಾರಾಣಿ ಬಂದಳು ಎಂದರು, ಇನ್ಯಾರೋ ಹಾಗೆಯೇ ನಮ್ಮ ಮಂಚವನ್ನೂ ಮುಟ್ಟಿಸಿಬಿಡು ತಾಯಿ ಎಂದರು. ವೇವಾ ಬೈಗುಳಕ್ಕೆ ಬೈಗುಳ ಹಾಕುತ್ತಾ ಇಳಿಜಾರಿನಲ್ಲಿ ಇಳಿದಳು. ಬಿಸಿಲಲ್ಲಿ ದಣಿದವರ ಮೈ ಮೇಲೆ ನೀರು ಎರಚಿದಂತೆ ಅವಳಿಗೆ ಹಿತವಾಗಿತ್ತು.

ಸೇತುವೆ ದಾಟಿ ದಿಬ್ಬ ಹತ್ತುವಾಗ ಅವಳು ಮರಮರಕ್ಕೂ ನಿಂತಳು. ತಿಬೂ ಎರಡೂ ಕೈಯನ್ನು ಬೆನ್ನ ಹಿಂದೆ ಒಂದರೊಳಗೊಂದು ಬಿಗಿಯಾಗಿ ಹೆಣೆದುಕೊಂಡು ನಡೆಯುತ್ತಿದ್ದ. ಬಿಟ್ಟರೆ ಅವು ಸಹಾಯಕ್ಕೆ ಹೋಗಿಬಿಡುತ್ತವೆ ಎಂದು ಅವನಿಗೇ ಅನುಮಾನ. ಒಂದು ಕಡೆ ಅವಳ ಕಾಲು ತಪ್ಪಿ ಕುರ್ಚಿ ವಾಲಿತು. ಅವನ ಜೀವ ಬಾಯಿಗೆ ಬಂತು. ಆದರೂ, "ಆಚೆ ವರ್ಷ ನನ್ನ ಕುರ್ಚಿಗೆ ಗೀರು ಬಿದ್ದಿತ್ತು, ಈ ವರ್ಷ ಹುಷಾರು!" ಎಂದೇ ಕೂಗಿದ. ಅವಳು ಸರಿಯಾಗಿ ನಿಂತು, ಅವನ ಅಜ್ಜನಿಂದ ಹಿಡಿದು ಎಲ್ಲರನ್ನೂ ನೆನೆಸಿಕೊಂಡು ಮುಂದೆ ನಡೆದಳು.

ಬಾಗಿಲ ಮುಂದೆ ಕುರ್ಚಿ ಇಳಿಸಿದಾಗ ಅವಳ ಬಟ್ಟೆ ಬೆವರಿನಲ್ಲಿ ತೊಯ್ದಿತ್ತು. ತಿಬೂ ಕಟ್ಟಳೆಯಂತೆ ಅದರ ಮೇಲೆ ಠೀವಿಯಿಂದ ಕೂತ. ಪಕ್ಕದಲ್ಲಿದ್ದ ಎಳನೀರು ತೆಗೆದು, ಮಚ್ಚಿನಿಂದ ಕೆತ್ತಿ, ತೂತು ಮಾಡಿ, ಅವಳ ಮುಂದೆ ಹಿಡಿದ. ವೇವಾ ಅದನ್ನೇ ನೋಡಿದಳು. ಬಾಯಿ ಒಣಗಿತ್ತು.

"ಇದು ಸೋತೋರಿಗೆ" ಎಂದ ತಿಬೂ. "ಆದ್ರೆ ನಿಂಗೆ ಡಾಕ್ಟರು ಬೇಡ ಅಂದಿದ್ದಾರೆ. ಕಟ್ಟಳೇನೂ ಮುರಿಯೋಕಾಗಲ್ಲ. ಏನು ಮಾಡೋದು, ನಿನ್ನ ಪಾಲಿಂದು ನಾನೇ ಕುಡೀತೀನಿ." ಅವಳ ಕಣ್ಣೆದುರಿಗೇ ಎಳನೀರು ಎತ್ತಿ ಗಟಗಟ ಕುಡಿದ. ಗಡ್ಡದ ಮೇಲೆಲ್ಲ ಸುರಿಸಿಕೊಂಡ. ಕೊನೆಗೆ ತೇಗಿದ.

"ನಿನ್ನ ಮನೆ ಹಾಳಾಗ, ಕಟುಕ!" ಎಂದಳು ವೇವಾ. ಅವಳಿಗೆ ಅವನ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ. "ಮುಂದಿನ ವರ್ಷ ನಿನ್ನ ಕಿವಿ ಹಿಡ್ಕೊಂಡು ಹೊರಿಸ್ತೀನಿ, ನೋಡ್ತಾ ಇರು."

"ಬಾ, ನೋಡೋಣ" ಎಂದ ತಿಬೂ, ಮುಖ ಬಿಗಿಯಾಗೇ ಇಟ್ಟುಕೊಂಡು. "ಬರದೆ ಇದ್ರೆ ಸೋತೆ ಅಂತಾನೇ ಲೆಕ್ಕ."

ವೇವಾ ಒಬ್ಬಳೇ ದಿಬ್ಬ ಇಳಿದಳು. ಮಿಗ್ದಾಲಿಯಾ ಸೇತುವೆಯ ಹತ್ತಿರ ಅಮ್ಮನ ಕುರ್ಚಿಯ ಪಕ್ಕ ನಿಂತು ಕಾಯುತ್ತಿರುವುದು ದೂರದಿಂದಲೇ ಕಾಣುತ್ತಿತ್ತು. ಬೆಟ್ಟವೆಲ್ಲ ಈಗ ಕಪ್ಪೆಗಳದ್ದೇ. ಅವಳು ನಡೆಯುತ್ತಲೇ ಎಡಗೈ ಎತ್ತಿ ಕಿವಿಗಿಟ್ಟುಕೊಂಡಳು. ಅದೂ ತನ್ನ ಕೆಲಸ ಮಾಡುತ್ತಿತ್ತು, ಗೊಣಗುತ್ತಾ. ಬರದೆ ಇದ್ದರೆ ಸೋತೆ ಅಂತಲೇ ಲೆಕ್ಕ. ಕೊನೆಯ ಸಾಲಿಗೆ ಹೇಳಿ ಮಾಡಿಸಿದಂತಿತ್ತು. ನಾಳೆ ವ್ಯಾನು ಬರುವ ದಿನ. ಮೇಲಿನ ಒಂಬತ್ತು ಸಾಲು ಅಲ್ಲಿ ಸಿಕ್ಕೇ ಸಿಗುತ್ತವೆ.